ಕಪ್ಪು ಕಾರು ಹೇಳಿದ ಸತ್ಯ

ಕಪ್ಪು ಬಣ್ಣದ ಕಾರಿಗೆ ಅದರದೇ ಆದ ಒಂದು ಗತ್ತು ಇದೆ. ಮದುವೆಮನೆಯ ಮುಂದೆ ಹತ್ತು ಕಾರು ನಿಂತಿದ್ದರೂ ಕಣ್ಣು ಮೊದಲು ಹೋಗುವುದು ಕಪ್ಪು ಕಾರಿನ ಕಡೆಗೇ. ಆದರೆ ಅದನ್ನು ಇಟ್ಟುಕೊಂಡವರ ಪಾಡು ಅವರಿಗೇ ಗೊತ್ತು! ಬೆಳಿಗ್ಗೆ ತೊಳೆದರೆ ಮಧ್ಯಾಹ್ನಕ್ಕೆ ಧೂಳು, ಸಂಜೆಗೆ ನೀರಿನ ಕಲೆ. ಮರುದಿನ ಬಿಸಿಲಿನಲ್ಲಿ ನೋಡಿದರೆ ಮೈಯೆಲ್ಲ ಜೇಡರ ಬಲೆ ಹರಡಿದಂತೆ ಸಣ್ಣ ಸಣ್ಣ ಗೀರು. ಬಿಳಿ ಕಾರಿನವರು ವಾರಕ್ಕೊಮ್ಮೆ ತೊಳೆದು ನೆಮ್ಮದಿಯಾಗಿರುತ್ತಾರೆ. ಕಪ್ಪು ಕಾರಿನವರಿಗೆ ಆ ಭಾಗ್ಯವಿಲ್ಲ.

ಅಮೆರಿಕದ ಹೆನ್ರಿ ಫೋರ್ಡ್ ಅವರ ಕಂಪನಿ ತನ್ನ ಪ್ರಸಿದ್ಧ 'ಮಾಡೆಲ್ ಟಿ' ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಮಾರಿತು. ಒಂದೇ ಬಣ್ಣವಾದರೆ ಕೆಲಸ ಸಲೀಸು, ಖರ್ಚೂ ಕಡಿಮೆ ಎಂಬ ಲೆಕ್ಕ ಅದು. ಇಂದು ಹತ್ತಾರು ಬಣ್ಣಗಳಿದ್ದರೂ ಜನ ಕಪ್ಪನ್ನು ಕೇಳಿ ಕೊಳ್ಳುತ್ತಾರೆ. ಕೊಂಡ ಮೇಲೆ ಮೇಣ, ಪಾಲಿಶ್, ಸೆರಾಮಿಕ್ ಕೋಟಿಂಗ್ ಎಂದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಆದರೆ ಈ ರಕ್ಷಣಾ ಲೇಪಗಳಿಗಿಂತ ಮುಖ್ಯವಾದ ಕೆಲಸ ಲೇಪಕ್ಕೆ ಮೊದಲೇ ಇದೆ ಎಂಬುದನ್ನು ನಮಗೆ ಕಲಿಸಿದ್ದು ನಮ್ಮ ಹಳೆಯ ಕಾರು. ಆ ಅನುಭವವನ್ನು ಓದುಗರೊಂದಿಗೆ ಹಂಚಿಕೊಳ್ಳಬೇಕೆನಿಸಿ ಈ ಲೇಖನ ಬರೆಯುತ್ತಿದ್ದೇವೆ.

ನಾವಿರುವ ಊರು

ನಾವು ಗಂಡ ಹೆಂಡತಿ ಮೈಸೂರಿನ ಕಡೆಯವರು. ಕೆಲಸದ ನಿಮಿತ್ತ ಬಂದು, ಹಲವು ವರ್ಷಗಳಿಂದ ತಮಿಳುನಾಡಿನ ಪೊಳ್ಳಾಚಿಯ ಹತ್ತಿರದ ನೆಗಮಂನಲ್ಲಿ ನೆಲೆಸಿದ್ದೇವೆ. ಚಿಕ್ಕ ಊರಾದರೂ ನೆಗಮಂ ಹತ್ತಿ ಸೀರೆಗೆ ದೊಡ್ಡ ಹೆಸರಿದೆ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇಲ್ಲಿ ಕೈಮಗ್ಗ ನಂಬಿ ಬಾಳಿದವರಲ್ಲಿ ದೇವಾಂಗ ಕುಟುಂಬಗಳೇ ಹೆಚ್ಚು. ಅವರ ಮನೆಮಾತು ಕನ್ನಡ! ತಲೆತಲಾಂತರದ ಹಿಂದೆ ಬಂದವರ ಮಕ್ಕಳು ಶಾಲೆಯಲ್ಲಿ ತಮಿಳು ಓದಿ, ಬೀದಿಯಲ್ಲಿ ತಮಿಳು ಆಡಿ, ಒಲೆಯ ಮುಂದೆ ಕೂತಾಗ ಕನ್ನಡ ಮಾತಾಡುತ್ತಾರೆ. ಆ ಕನ್ನಡಕ್ಕೆ ಕೊಂಗು ನಾಡಿನ ಮರ್ಯಾದೆಯ ದನಿಯೂ ಸೇರಿದೆ. ಪರಊರಿಗೆ ಬಂದೆವೆಂಬ ಅಳುಕು ನಮಗೆ ಮೊದಲ ವಾರದಲ್ಲೇ ಹೋಗಿತ್ತು.

ಆದರೆ ಕಪ್ಪು ಕಾರಿಗೆ ಇದು ಅನುಕೂಲದ ಊರಲ್ಲ. ಪಶ್ಚಿಮ ಘಟ್ಟದಲ್ಲಿ ಪಾಲಕ್ಕಾಡಿನ ಬಳಿ ಸುಮಾರು 30-40 ಕಿಲೋಮೀಟರ್ ಅಗಲದ ಒಂದು ಕಣಿವೆಯಿದೆ. ಮುಂಗಾರಿನ ಗಾಳಿ ಅದರ ಮೂಲಕ ನುಗ್ಗಿ ನಮ್ಮ ಬಯಲಿನ ಮೇಲೆ ಹಾಯುತ್ತದೆ. ಈ ಕಡೆ ಅಷ್ಟೊಂದು ಗಾಳಿಯಂತ್ರಗಳು ತಿರುಗುವುದು ಆ ಗಾಳಿಯಿಂದಲೇ. ಅದು ಮಣ್ಣಿನ ಧೂಳನ್ನೂ ತೆಂಗಿನ ನಾರಿನ ಗಿರಣಿಗಳ ಹೊಟ್ಟನ್ನೂ ಹೊತ್ತು ತರುತ್ತದೆ. ಇದರ ಜೊತೆಗೆ ಬೋರ್‌ವೆಲ್‌ನ ಗಡಸು ನೀರು. ಸುಣ್ಣದ ಅಂಶ ಎಷ್ಟಿದೆಯೆಂದರೆ ಬಿಂದಿಗೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ಅದೇ ನೀರು ಬಿಸಿಲಿಗೆ ಕಾದ ಕಪ್ಪು ಬಾನೆಟ್ಟಿನ ಮೇಲೆ ಒಣಗಿದರೆ ಪ್ರತಿ ಹನಿಯೂ ಒಂದೊಂದು ಬಿಳಿ ಉಂಗುರ ಬಿಟ್ಟು ಹೋಗುತ್ತದೆ.

ಮಾರುವ ಮಾತು

ನಮ್ಮ ಕಾರಿಗೆ ಹನ್ನೊಂದು ವರ್ಷ ತುಂಬಿತ್ತು. ನಾಲ್ಕು ವರ್ಷದ ಹಿಂದೆ ದೂರದ ನಗರವೊಂದರಲ್ಲಿ ಹಳೆಯ ಕಾರು ಮಾರುವವರಿಂದ ಕೊಂಡದ್ದು. "ಒಂದೇ ಕೈಯಲ್ಲಿದ್ದ ಗಾಡಿ, ಮೈಮೇಲೆ ಒಂದು ಚುಕ್ಕೆ ಇಲ್ಲ" ಎಂದು ಹೇಳಿ ಕೊಟ್ಟಿದ್ದರು. ಮಕ್ಕಳು ಓದು ಮುಗಿಸಿ ಬೇರೆ ಊರಿಗೆ ಹೋದ ಮೇಲೆ ನಮಗೆ ಅಷ್ಟು ದೊಡ್ಡ ಗಾಡಿ ಬೇಡವಾಯಿತು. ಮಾರುವ ಯೋಚನೆ ಮಾಡಿದೆವು.

ಸುದ್ದಿ ತಿಳಿದು ಮೊದಲು ಬಂದವನು ಪಕ್ಕದ ಬೀದಿಯ ನೇಕಾರರ ಮನೆಯ ಹುಡುಗ. ಇಪ್ಪತ್ತನಾಲ್ಕು ವರ್ಷ. ತಂದೆಗೆ ಮಂಡಿನೋವು, ಹಳೆಯ ಸ್ಕೂಟರಿನಲ್ಲಿ ಸೀರೆಯ ಗಂಟು ಕಟ್ಟಿಕೊಂಡು ಕೊಯಮತ್ತೂರಿಗೆ ಹೋಗುವುದು ಇನ್ನು ಆಗದ ಮಾತು. ಅಜ್ಜಿಯನ್ನು ತಿಂಗಳಿಗೆರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕು. "ಅಣ್ಣಾ, ನಿಮ್ಮ ಗಾಡಿ ನಮಗೇ ಕೊಡಿ. ನೀವು ಹೇಳಿದ ಬೆಲೆಗೆ ಎರಡು ಮಾತಿಲ್ಲ" ಎಂದ. ಎರಡು ಮಾತಿಲ್ಲ ಎನ್ನುವವನ ಬಳಿ ಬೆಲೆ ಹೇಳುವುದು ಎಷ್ಟು ಕಷ್ಟ ಎಂಬುದು ಅಂದು ತಿಳಿಯಿತು.

ಅದೇ ವಾರ ಪರಿಚಯದವರೊಬ್ಬರು ನಮ್ಮನ್ನು ಕಾರು ಪಾಲಿಶ್ ಮಾಡುವ ಒಂದು ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿನವರು ಕಾರಿನ ಸುತ್ತ ಒಂದು ಸುತ್ತು ಬಂದು, "ನಾಲ್ಕು ಸಾವಿರ ಕೊಡಿ. ಎರಡು ಗಂಟೆಯಲ್ಲಿ ಕನ್ನಡಿ ಮಾಡಿ ಕೊಡುತ್ತೇವೆ. ಮೂವತ್ತು ಸಾವಿರ ಹೆಚ್ಚಿಗೆ ಕೇಳಬಹುದು" ಎಂದರು. ಗೀರುಗಳೆಲ್ಲ ಎರಡು ಗಂಟೆಯಲ್ಲಿ ಹೋಗುತ್ತವೆಯೇ ಎಂದು ಕೇಳಿದೆವು. ಅವರು ನಕ್ಕು, "ಹೋಗಬೇಕಾಗಿಲ್ಲ, ಕಾಣದಿದ್ದರೆ ಸಾಕಲ್ಲ!" ಎಂದರು.

ಆ ಮಾತಿನ ಅರ್ಥ ಆಮೇಲೆ ವಿಚಾರಿಸಿ ತಿಳಿದುಕೊಂಡೆವು. ಎಣ್ಣೆ, ಮೇಣ ಬೆರೆಸಿದ ಕೆಲವು ಪಾಲಿಶ್‌ಗಳು ಗೀರನ್ನು ತೆಗೆಯುವುದಿಲ್ಲ, ಅದರ ಒಳಗೆ ತುಂಬಿಕೊಳ್ಳುತ್ತವೆ. ಮೇಲೆ ಒಂದು ಹೊಳಪಿನ ಲೇಪ ಎಳೆದರೆ ಕಾರು ಹೊಸದರಂತೆ ಕಾಣುತ್ತದೆ. ಕೆಲವು ಸಲ ಶ್ಯಾಂಪೂ ಹಾಕಿ ತೊಳೆದಾಗ ತುಂಬಿದ್ದೆಲ್ಲ ಕರಗಿ ಹೋಗಿ ಗೀರುಗಳು ಒಂದೊಂದಾಗಿ ಎದ್ದು ಕೂರುತ್ತವೆ. ಅಷ್ಟು ಹೊತ್ತಿಗೆ ಗಾಡಿ ಕೊಂಡವರ ಮನೆಯಲ್ಲಿರುತ್ತದೆ, ಹಣ ಮಾರಿದವರ ಜೇಬಿನಲ್ಲಿರುತ್ತದೆ.

ನಾವಿಬ್ಬರೂ ಅಂದು ರಾತ್ರಿ ಕುಳಿತು ಮಾತಾಡಿದೆವು. ಮೂವತ್ತು ಸಾವಿರ ನಮಗೂ ಸಣ್ಣ ಮೊತ್ತವಲ್ಲ. ಆದರೆ ಮಗ್ಗದ ಮನೆಯಲ್ಲಿ ಆ ಹಣ ಬರುವುದು ಒಂದೊಂದು ಎಳೆಯಾಗಿ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಕಾರನ್ನು ಒಪ್ಪ ಮಾಡೋಣ, ಆದರೆ ಒಪ್ಪ ಮಾಡುವ ಕೆಲಸವನ್ನು ಆ ಹುಡುಗನ ಎದುರಿನಲ್ಲೇ ಮಾಡೋಣ. ಏನಿದೆಯೋ ಅವನೇ ನೋಡಲಿ, ಆಮೇಲೆ ಬೆಲೆಯ ಮಾತು. ಕೊಯಮತ್ತೂರಿನಲ್ಲಿ ಕಾರಿನ ಬಣ್ಣದ ಕೆಲಸ ಬಲ್ಲ ನಮ್ಮ ಪರಿಚಯದ ಒಬ್ಬ ಯುವಕನನ್ನು ಶನಿವಾರ ಬರಹೇಳಿದೆವು.

ಕಪ್ಪು ಏಕೆ ಚಾಡಿ ಹೇಳುತ್ತದೆ?

ಕೆಲಸ ಶುರು ಮಾಡುವ ಮುನ್ನ ಆತ ನಮಗೆ ಒಂದು ಸಣ್ಣ ಪಾಠ ಮಾಡಿದ. ಈಗಿನ ಕಾರುಗಳ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಮೊದಲು ತುಕ್ಕು ಹಿಡಿಯದಂತೆ ಒಂದು ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲದರ ಮೇಲೆ ಗಾಜಿನಂತೆ ತಿಳಿಯಾದ ಕ್ಲಿಯರ್ ಕೋಟ್. ನಾಲ್ಕೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್ ಇರುತ್ತದೆ ಎಂದರೆ ಲೆಕ್ಕ ಹಾಕಿಕೊಳ್ಳಿ! ಮೇಲಿನ ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಬಿಸಿಲಿನ ಅತಿನೇರಳೆ ಕಿರಣ, ಮಳೆ, ಹಕ್ಕಿಯ ಹಿಕ್ಕೆ ಎಲ್ಲವನ್ನೂ ತಡೆದು ಕೆಳಗಿನ ಬಣ್ಣವನ್ನು ಕಾಯುವುದು ಆ ತೆಳು ಪದರವೇ.

ನಮಗೆ ಕಾಣುವ ಹೆಚ್ಚಿನ ಗೀರುಗಳು ಇರುವುದು ಈ ಕ್ಲಿಯರ್ ಕೋಟ್‌ನಲ್ಲಿ. ಬಿಳಿ ಕಾರಿನ ಮೇಲೂ ಅಷ್ಟೇ ಗೀರುಗಳಿರುತ್ತವೆ. ಆದರೆ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಆ ಬೆಳಕಿನಲ್ಲಿ ಗೀರಿನ ಮಿನುಗು ಮುಳುಗಿಹೋಗುತ್ತದೆ. ಕಪ್ಪು ಬಣ್ಣ ಬೆಳಕನ್ನು ನುಂಗಿಬಿಡುತ್ತದೆ. ಆಗ ಕತ್ತಲ ಕೋಣೆಯಲ್ಲಿ ಹಚ್ಚಿದ ಬೆಂಕಿಕಡ್ಡಿಯಂತೆ ಒಂದೊಂದು ಗೀರಿನ ಅಂಚೂ ಬೇರೆಯಾಗಿ ಹೊಳೆಯುತ್ತದೆ. ಇನ್ನೊಂದು ಸೋಜಿಗ ಕೇಳಿ. ಸೂರ್ಯನ ಪ್ರತಿಬಿಂಬದ ಸುತ್ತ ಗೀರುಗಳು ಚಕ್ರಾಕಾರವಾಗಿ ಕಾಣುತ್ತವಲ್ಲ, ಅವು ನಿಜವಾಗಿ ಚಕ್ರಗಳಲ್ಲ. ಎಲ್ಲ ದಿಕ್ಕಿಗೂ ಎಳೆದ ನೇರ ಗೀರುಗಳಲ್ಲಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ನಮ್ಮ ಕಣ್ಣಿಗೆ ಹೊಳೆದು ಹಾಗೆ ತೋರುತ್ತವೆ.

ಮೊದಲ ದಿನ: ಕೊಳೆ ತೆಗೆಯುವುದು

ನೆಗಮಂನ ಬೀದಿಯಲ್ಲಿ ಮುಂಜಾನೆ ನಡೆದರೆ ಹಿಂದಿನವರ ಒಂದು ಕೆಲಸದ ನೆನಪು ಹೇಳುವವರು ಸಿಗುತ್ತಾರೆ. ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡುವುದು. ಬಿಸಿಲೇರಿದರೆ ತೀಡುವ ಮೊದಲೇ ಗಂಜಿ ಒಣಗೀತು ಎಂದು ಬೆಳಕು ಹರಿಯುವ ಹೊತ್ತಿಗೇ ಶುರು. ಕಾರಿನ ಕೆಲಸಕ್ಕೂ ಅದೇ ನಿಯಮ. ನೆರಳು ಬೇಕು, ಮೈ ತಣ್ಣಗಿರಬೇಕು. ಶನಿವಾರ ಆರು ಗಂಟೆಗೇ ಬೇವಿನ ಮರದಿಂದ ದೂರ, ತಗಡಿನ ಚಪ್ಪರದ ಕೆಳಗೆ ಕಾರು ನಿಲ್ಲಿಸಿದೆವು. ಹುಡುಗ ತನ್ನ ಅಜ್ಜಿಯನ್ನೂ ಕರೆತಂದಿದ್ದ. ಆಕೆ ಕುರ್ಚಿಯ ಮೇಲೆ ಕುಳಿತು ನೋಡತೊಡಗಿದರು.

ಮೊದಲು ಒಣಬಟ್ಟೆ ಮುಟ್ಟಿಸಲೇ ಇಲ್ಲ. ಧೂಳಿರುವ ಕಾರನ್ನು ಒಣಬಟ್ಟೆಯಿಂದ ಒರೆಸುವುದೆಂದರೆ ಉಪ್ಪುಕಾಗದದಿಂದ ತಿಕ್ಕಿದ ಹಾಗೆ. ಬರಿಯ ನೀರನ್ನು ಜೋರಾಗಿ ಬಿಟ್ಟು ಸಡಿಲ ಮಣ್ಣನ್ನು ಇಳಿಸಿದೆವು. ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರಿನ ಶ್ಯಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೈಕ್ರೋಫೈಬರ್ ಕೈಚೀಲವನ್ನು ಸೋಪಿನ ನೀರಲ್ಲಿ ಅದ್ದಿ ಒಂದು ಭಾಗ ತೊಳೆದು, ಬರಿಯ ನೀರಲ್ಲಿ ಜಾಲಿಸಿ ಮರಳು ಬಿಡಿಸಿ, ಮತ್ತೆ ಸೋಪಿನ ನೀರಿಗೆ. ಮೇಲ್ಛಾವಣಿಯಿಂದ ಶುರು ಮಾಡಿ ಕೆಳಕ್ಕೆ ಬರಬೇಕು. ಚಕ್ರಗಳಿಗೆ ಬೇರೆ ಬಟ್ಟೆ, ಬೇರೆ ಬಕೆಟ್. ನಮ್ಮಲ್ಲಿ ಅನೇಕರು ಪಾತ್ರೆ ತಿಕ್ಕುವ ತೆಂಗಿನ ನಾರನ್ನೇ ಕಾರಿಗೂ ಬಳಸುತ್ತಾರೆ. ಪಾತ್ರೆಗೆ ಅದು ಸರಿ, ಕಪ್ಪು ಕಾರಿಗೆ ಅದು ಶತ್ರು.

ತೊಳೆದ ಮೇಲೆ ನೋಡಿದರೆ ಕಾರು ಥಳಥಳ ಎನ್ನುತ್ತಿತ್ತು. ಕೆಲಸ ಮುಗಿಯಿತು ಎಂದೇ ನಾವು ಭಾವಿಸಿದ್ದೆವು. ಯುವಕ ಒಂದು ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು ಬಾನೆಟ್ಟಿನ ಮೇಲೆ ಮೆಲ್ಲಗೆ ಸವರಲು ಹೇಳಿದ. ಅಬ್ಬಾ! ಬರಿಗೈಗೆ ನುಣುಪಾಗಿದ್ದ ಜಾಗವೆಲ್ಲ ಚೀಲದ ಒಳಗಿನ ಬೆರಳಿಗೆ ರವೆ ಚೆಲ್ಲಿದಂತೆ ತಗಲುತ್ತಿತ್ತು. ಕಣ್ಣಿಗೆ ಕಾಣದ, ತೊಳೆದರೂ ಹೋಗದ ಕೊಳೆ ಅದು. ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ರಸ್ತೆಯ ಡಾಂಬರು, ಮರದ ಅಂಟು, ಸುಣ್ಣದ ಕಲೆ ಎಲ್ಲವೂ ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ.

ಒಂದೊಂದಕ್ಕೂ ಒಂದೊಂದು ಮದ್ದು. ಕಬ್ಬಿಣದ ಪುಡಿಗೆ ಒಂದು ದ್ರಾವಣ ಸಿಂಪಡಿಸಿದ. ಎರಡು ನಿಮಿಷದಲ್ಲಿ ಕಬ್ಬಿಣ ಇದ್ದಲ್ಲೆಲ್ಲ ನೇರಳೆ ಬಣ್ಣದ ಕಣ್ಣೀರು ಇಳಿದಂತೆ ಹರಿಯಿತು. ಕೊಳೆತ ಮೊಟ್ಟೆಯ ವಾಸನೆಗೆ ಅಜ್ಜಿ ಸೆರಗು ಮುಚ್ಚಿಕೊಂಡರು. ಇದನ್ನು ಒಣಗಲು ಬಿಡಬಾರದು, ಕೈಗವಸು ಹಾಕಿಕೊಂಡೇ ಮಾಡಬೇಕು. ಡಾಂಬರಿನ ಚುಕ್ಕೆಗಳಿಗೆ ಅದಕ್ಕೆಂದೇ ಇರುವ ದ್ರಾವಣವನ್ನು ಬಟ್ಟೆಗೆ ಹಾಕಿ ಒತ್ತಿ ಹಿಡಿದು ಮೆಲ್ಲಗೆ ಒರೆಸಬೇಕು. ಸುಣ್ಣದ ಉಂಗುರಗಳಿಗೆ ವಿನೆಗರ್ ಮತ್ತು ನೀರು ಸಮಸಮ. ಹುಳಿ ಸುಣ್ಣವನ್ನು ಕರಗಿಸುತ್ತದೆ ಎಂಬುದು ಹುಣಸೆಹಣ್ಣಿನಿಂದ ಬಿಂದಿಗೆ ಬೆಳಗುವ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ನಿಮಿಷಕ್ಕೆ ಹೆಚ್ಚು ಬಿಡದೆ ಚೆನ್ನಾಗಿ ತೊಳೆದುಬಿಡಬೇಕು.

ಕೊನೆಗೆ ಉಳಿದದ್ದಕ್ಕೆ ಕ್ಲೇ ಬಾರ್. ಮಕ್ಕಳು ಆಡುವ ಜೇಡಿಮಣ್ಣಿನ ಮುದ್ದೆಯಂಥ ವಸ್ತು. ಬಣ್ಣದ ಮೇಲೆ ಜಾರು ದ್ರವವನ್ನು ಧಾರಾಳವಾಗಿ ಸಿಂಪಡಿಸಿ, ಮುದ್ದೆಯನ್ನು ಚಪ್ಪಟೆ ಮಾಡಿ, ಒತ್ತದೆ ನೇರವಾಗಿ ಹಿಂದೆ ಮುಂದೆ ಜಾರಿಸಬೇಕು. ಬಣ್ಣಕ್ಕೆ ಕಚ್ಚಿದ ಕಣಗಳನ್ನು ಅದು ಕಿತ್ತುಕೊಳ್ಳುತ್ತದೆ. ಕಪ್ಪಗಾದ ಮುಖವನ್ನು ಮಡಚಿ ಹೊಸ ಮುಖ ಮಾಡಿಕೊಳ್ಳಬೇಕು. ಕೈತಪ್ಪಿ ನೆಲಕ್ಕೆ ಬಿದ್ದರೆ ಮರುಯೋಚನೆ ಮಾಡದೆ ಎಸೆಯಬೇಕು, ಏಕೆಂದರೆ ಒಂದು ಮರಳಿನ ಕಣ ಅಂಟಿದರೂ ಸಾಕು, ಬಾನೆಟ್ಟಿನುದ್ದಕ್ಕೂ ಗೆರೆ ಎಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟಿಕ್ ಚೀಲದ ಬೆರಳಿಗೂ ಕಾರು ಗಾಜಿನಂತೆ ನುಣುಪಾಯಿತು.

ಆಗ ಅಜ್ಜಿ ಮಾತಾಡಿದರು. "ನಮ್ಮ ನೂಲೂ ಹಿಂಗೇ ಕಣವ್ವಾ. ಕೋರಾ ನೂಲನ್ನ ಹಂಗೇ ಬಣ್ಣಕ್ಕೆ ಹಾಕಿದ್ರೆ ಹಿಡಿಯಲ್ಲ. ಸೋಡಾ ಹಾಕಿ ಕುದಿಸಬೇಕು, ಒಗೀಬೇಕು, ಆಮೇಲೆ ಬಣ್ಣ." ನಿಜವೇ. ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ಒಂದು ತೆಳು ಮೇಣವಿರುತ್ತದೆ. ಅದು ನೀರನ್ನು ಒಳಗೆ ಬಿಡದು, ನೀರಿನಲ್ಲಿ ಕರಗಿದ ಬಣ್ಣವನ್ನೂ ಬಿಡದು. ಅದನ್ನು ಕುದಿಸಿ ತೆಗೆದರೆ ಮಾತ್ರ ಬಣ್ಣ ಎಳೆಯೊಳಕ್ಕೆ ಇಳಿದು ನಿಲ್ಲುತ್ತದೆ. ಅವಸರ ಮಾಡಿದ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆ. ಕೊಳೆಯ ಮೇಲೆ ಎಳೆದ ಕಾರಿನ ಲೇಪದ ಗತಿಯೂ ಅದೇ.

ಅಳತೆಯ ಯಂತ್ರ ಹೇಳಿದ್ದು

ಮಧ್ಯಾಹ್ನ ಊಟವಾದ ಮೇಲೆ ಯುವಕ ಅಂಗೈಯಗಲದ ಒಂದು ಯಂತ್ರ ತೆಗೆದ. ಅದನ್ನು ಬಣ್ಣಕ್ಕೆ ತಾಗಿಸಿದರೆ ಕೆಳಗಿನ ತಗಡಿನವರೆಗೆ ಬಣ್ಣದ ದಪ್ಪ ಎಷ್ಟೆಂದು ತೋರಿಸುತ್ತದೆ. ಪಾಲಿಶ್ ಎಂದರೆ ಬಣ್ಣಕ್ಕೆ ಏನನ್ನೋ ಸೇರಿಸುವುದಲ್ಲ, ಕ್ಲಿಯರ್ ಕೋಟ್ ಅನ್ನು ಸವೆಸುವುದು. ಗೀರಿನ ತಳದವರೆಗೆ ಸುತ್ತಲಿನ ಮೈಯನ್ನು ಸವೆಸಿ ಸಮ ಮಾಡುವುದರಿಂದ ಗೀರು ಹೋಗುತ್ತದೆ. ಆದ್ದರಿಂದ ಎಷ್ಟು ಉಳಿದಿದೆ ಎಂದು ತಿಳಿಯದೆ ಕೈಹಾಕಬಾರದು ಎಂದ.

ಮೇಲ್ಛಾವಣಿ 112. ಬಾನೆಟ್ 108. ಬಲಗಡೆಯ ಬಾಗಿಲುಗಳು 115ರ ಆಸುಪಾಸು. ಎಲ್ಲವೂ ಕಾರ್ಖಾನೆಯ ಬಣ್ಣದ ಅಳತೆ. ಎಡಗಡೆಯ ಹಿಂದಿನ ಬಾಗಿಲಿಗೆ ಇಟ್ಟ. 290. ಇನ್ನೊಮ್ಮೆ ಇಟ್ಟ. 305. ಯುವಕ ನಮ್ಮ ಮುಖ ನೋಡಿದ. "ಈ ಬಾಗಿಲಿಗೆ ಮತ್ತೆ ಬಣ್ಣ ಹೊಡೆದಿದ್ದಾರಣ್ಣಾ. ನೀವು ಕೊಳ್ಳುವ ಮೊದಲೇ ಎಲ್ಲೋ ಪೆಟ್ಟು ತಿಂದಿರಬೇಕು."

ನಾಲ್ಕು ವರ್ಷ ದಿನವೂ ತೆಗೆದು ಹಾಕಿದ ಬಾಗಿಲು ಅದು. "ಮೈಮೇಲೆ ಒಂದು ಚುಕ್ಕೆ ಇಲ್ಲ" ಎಂದು ಹೇಳಿ ಕೊಟ್ಟವರ ನಗುಮುಖ ನಮಗೆ ಇನ್ನೂ ನೆನಪಿತ್ತು. ಬಾಗಿಲಿಗೆ ಬಣ್ಣ ಹೊಡೆಸುವುದು ಅಪರಾಧವೇನಲ್ಲ. ಹೇಳಿ ಕೊಟ್ಟಿದ್ದರೆ ನಾವು ಹೇಗೂ ಕೊಳ್ಳುತ್ತಿದ್ದೆವು. ಹೇಳದೆ ಕೊಟ್ಟದ್ದೇ ನೋವು.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಹುಡುಗನೂ ಅಂಕಿ ನೋಡಿದ್ದ. ಆ ಯಂತ್ರ ಅವನ ಎದುರಿಗೆ ಹೊರಬರದಿದ್ದರೆ ನಮಗೆ ಬೆಲೆ ಕಡಿಮೆಯಾಗುತ್ತಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಆದರೆ ನಮ್ಮ ಎದೆಯ ಮೇಲಿನ ಭಾರ ಇಳಿದದ್ದೂ ಅದೇ ಕ್ಷಣದಲ್ಲಿ. ನಮಗೆ ಯಾರೋ ದಾಟಿಸಿದ್ದನ್ನು ನಾವು ಇನ್ನೊಬ್ಬರಿಗೆ ದಾಟಿಸುವ ಪ್ರಸಂಗ ತಪ್ಪಿತ್ತು.

ಅಜ್ಜಿಯೇ ಮೌನ ಮುರಿದರು. "ನೂಲಿನಾಗೆ ಕಪ್ಪು ಅಂದ್ರೆ ಎಲ್ಲಾ ಮುಚ್ಚೋ ಬಣ್ಣ. ಬೇರೆ ಬಣ್ಣ ಕೆಟ್ಟೋದ್ರೆ, ತಿಟ್ಟೆತಿಟ್ಟೆ ಆದ್ರೆ, ಕಪ್ಪಿಗೆ ಅದ್ದಿಬಿಡ್ತಿದ್ರು. ನಿಮ್ಮ ಗಾಡೀಲಿ ನೋಡಿದ್ರೆ ಕಪ್ಪು ಎಲ್ಲಾನೂ ಬಿಚ್ಚಿ ಬಿಚ್ಚಿ ತೋರಿಸ್ತದೆ!" ಎಂದು ಬೊಚ್ಚುಬಾಯಿ ತೆರೆದು ನಕ್ಕರು. ಎಲ್ಲರೂ ನಕ್ಕೆವು.

ಎರಡನೆಯ ದಿನ: ಎಷ್ಟು ಬೇಕೋ ಅಷ್ಟೇ

ಭಾನುವಾರ ವಿಶ್ರಾಂತಿ. ಸೋಮವಾರ ಪಾಲಿಶ್ ಕೆಲಸ. ಬೀಡಿಂಗ್, ಪ್ಲಾಸ್ಟಿಕ್, ಲಾಂಛನ ಎಲ್ಲಕ್ಕೂ ಟೇಪು ಅಂಟಿಸಿದ. ಅಂಚು, ಮೂಲೆ, ಉಬ್ಬುಗೆರೆಗಳಲ್ಲಿ ಬಣ್ಣ ಯಾವಾಗಲೂ ತೆಳು. ಯಂತ್ರ ಅಲ್ಲಿ ಒಂದು ಗಳಿಗೆ ಹೆಚ್ಚು ನಿಂತರೂ ತಳದ ಪ್ರೈಮರ್ ಕಾಣಿಸಿಕೊಳ್ಳುತ್ತದೆ. ಒಂದೇ ಸುತ್ತು ತಿರುಗುವ ಹಳೆಯ ಯಂತ್ರ ಬೇಗ ಕೆಲಸ ಮಾಡುತ್ತದೆ, ಅಷ್ಟೇ ಬೇಗ ಬಣ್ಣವನ್ನು ಸುಡಬಲ್ಲದು. ಈತ ತಂದದ್ದು ತಿರುಗುತ್ತಲೇ ಅಲುಗುವ ಯಂತ್ರ. ನಿಧಾನ, ಆದರೆ ಅಪಾಯ ಕಡಿಮೆ.

ಮೊದಲು ಬಾನೆಟ್ಟಿನ ಮೇಲೆ ಎರಡು ಅಡಿ ಚೌಕವನ್ನು ಟೇಪಿನಿಂದ ಗುರುತು ಮಾಡಿ, ಎಲ್ಲಕ್ಕಿಂತ ಮೃದುವಾದ ಸ್ಪಂಜು, ಎಲ್ಲಕ್ಕಿಂತ ನಯವಾದ ಪಾಲಿಶ್‌ನಿಂದ ಪರೀಕ್ಷೆ ಮಾಡಿದ. ಸಾಲದಿದ್ದರೆ ಒಂದು ಹೆಜ್ಜೆ ಒರಟು. ಸಾಕೆನಿಸಿದಲ್ಲಿ ನಿಲ್ಲಿಸಬೇಕು. ಹೋದ ಕ್ಲಿಯರ್ ಕೋಟ್ ತಿರುಗಿ ಬರುವುದಿಲ್ಲ. ಅದು ತೀರಾ ತೆಳುವಾದ ಕಾರಿನ ಮೇಲ್ಛಾವಣಿ ಕೆಲವು ವರ್ಷಗಳ ಬಿಸಿಲಿಗೆ ಬಿಳಿಚಿಕೊಂಡು ಹಪ್ಪಳದಂತೆ ಏಳುವುದನ್ನು ನೀವೂ ನೋಡಿರಬಹುದು.

ಸಣ್ಣ ಗೀರುಗಳೆಲ್ಲ ಹೋದವು. ಬಾನೆಟ್ಟಿನಲ್ಲಿ ತಗಡಿನ ಚಪ್ಪರದ ಒಂದೊಂದು ಮೊಳೆಯೂ ಕಾಣತೊಡಗಿತು. ಆದರೆ ಬಲಗಡೆಯ ಮುಂದಿನ ಬಾಗಿಲಲ್ಲಿ ಒಂದು ಉದ್ದ ಗೀರು ಉಳಿಯಿತು. ಉಗುರು ಸವರಿದರೆ ತಡೆಯುತ್ತಿತ್ತು. "ಉಗುರು ತಡೆಯುವ ಗೀರನ್ನು ಪಾಲಿಶ್‌ನಲ್ಲಿ ತೆಗೆಯಲು ಹೋಗಬಾರದು. ತೆಗೆದರೆ ಗೀರಿನ ಜೊತೆಗೆ ಬಾಗಿಲಿನ ಆಯಸ್ಸೂ ಹೋಗುತ್ತದೆ. ಅಂಚನ್ನು ದುಂಡಗೆ ಮಾಡಿ ಮಂಕು ಮಾಡುತ್ತೇನೆ, ಇದ್ದುಬಿಡಲಿ" ಎಂದ. ಸರಿ ಎಂದೆವು. ಎಲ್ಲ ಕಲೆಗಳನ್ನೂ ಬೇರುಸಹಿತ ಕೀಳಲೇಬೇಕೆಂಬ ಹಟ ಮನುಷ್ಯರ ವಿಷಯದಲ್ಲೂ ಒಳ್ಳೆಯದು ಮಾಡುವುದಿಲ್ಲ ಎಂಬುದು ಸಂಸಾರ ಮಾಡಿದವರಿಗೆಲ್ಲ ಗೊತ್ತಿರುವ ವಿಷಯವೇ.

ನಾವು ಎಂದೂ ಮರೆಯದ ಹೆಜ್ಜೆ ಅದರ ನಂತರದ್ದು. ಪಾಲಿಶ್‌ನಲ್ಲಿರುವ ಎಣ್ಣೆಯೇ ಅಲ್ಲಲ್ಲಿ ಉಳಿದು ಗೀರುಗಳನ್ನು ತುಂಬಿಕೊಂಡಿರುತ್ತದೆ. ಕೆಲಸ ಮಾಡಿದವನ ಕಣ್ಣನ್ನೇ ಅದು ವಂಚಿಸುತ್ತದೆ. ಆದ್ದರಿಂದ ಐಸೊಪ್ರೊಪೈಲ್ ಆಲ್ಕೋಹಾಲನ್ನು ನೀರಿನೊಂದಿಗೆ ಬೆರೆಸಿ, ಶುದ್ಧವಾದ ಮೈಕ್ರೋಫೈಬರ್ ಬಟ್ಟೆಯಿಂದ ಇಡೀ ಕಾರನ್ನು ಒರೆಸಬೇಕು. ಎಣ್ಣೆಯೆಲ್ಲ ಹೋಗಿ ಬಣ್ಣದ ನಿಜವಾದ ಸ್ಥಿತಿ ಕಾಣುತ್ತದೆ. ಯುವಕ ಒಂದು ಪ್ರಖರ ಬ್ಯಾಟರಿ ದೀಪ ಹಿಡಿದು ಹುಡುಗನ ಕೈಗೇ ಕೊಟ್ಟ. "ನೀನೇ ನೋಡು ತಮ್ಮಾ" ಎಂದ. ಆತ ಕಾರಿನ ಸುತ್ತ ಒಂದು ಸುತ್ತು ಬಂದು ಇಂಚಿಂಚೂ ನೋಡಿದ. ಡಿಕ್ಕಿಯ ಮೇಲೆ ಒಂದು ಕಡೆ ಮಂಕು ಉಳಿದಿತ್ತು, ಅದನ್ನು ಮತ್ತೆ ಮಾಡಿದರು.

ಲೇಪ ಹಚ್ಚಲು ಹಿಡಿದದ್ದು ಮುಕ್ಕಾಲು ಗಂಟೆ ಮಾತ್ರ! ಒಂದೂವರೆ ದಿನದ ಸಿದ್ಧತೆ, ಮುಕ್ಕಾಲು ಗಂಟೆಯ ಲೇಪ. ಲೇಪಗಳಲ್ಲಿ ಮೂರು ಬಗೆ ಎಂದು ತಿಳಿದುಕೊಂಡೆವು. ಒಂದು, ಕಾರ್ನೌಬಾ ಮೇಣ. ಬ್ರೆಜಿಲ್ ದೇಶದ ಒಂದು ತಾಳೆಮರದ ಎಲೆಯಿಂದ ಬರುವಂಥದ್ದು. ಕಪ್ಪಿಗೆ ಒಳ್ಳೆಯ ಮೆರುಗು ಕೊಡುತ್ತದೆ, ಆದರೆ ನಮ್ಮ ಬಿಸಿಲಿಗೆ ಕೆಲವು ವಾರಗಳೋ ತಿಂಗಳುಗಳೋ ಅಷ್ಟೇ. ಎರಡು, ಕೃತಕ ಪಾಲಿಮರ್ ಸೀಲೆಂಟ್. ಮೇಣಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಮೂರು, ಸೆರಾಮಿಕ್ ಕೋಟಿಂಗ್. ಬಣ್ಣದೊಂದಿಗೆ ಗಟ್ಟಿಯಾಗಿ ಬೆಸೆದುಕೊಂಡು ವರ್ಷಗಟ್ಟಲೆ ಇರುತ್ತದೆ, ಖರ್ಚೂ ಹೆಚ್ಚು. ಆದರೆ ಮೂರಕ್ಕೂ ಒಂದು ಸ್ವಭಾವ ಸಮಾನ. ಅವು ಕೆಳಗೆ ಏನಿದೆಯೋ ಅದನ್ನೇ ಕಾಯುತ್ತವೆ. ಗೀರಿದ್ದರೆ ಗೀರನ್ನು, ಕೊಳೆಯಿದ್ದರೆ ಕೊಳೆಯನ್ನು. ಸೆರಾಮಿಕ್ ಆದರಂತೂ ಒಳಗೆ ಸಿಕ್ಕಿದ ದೋಷವನ್ನು ಸರಿಪಡಿಸಲು ಲೇಪವನ್ನೇ ಸವೆಸಿ ತೆಗೆಯಬೇಕು. ನಾವು ಹುಡುಗನ ಕೈಗೆಟುಕುವ ಹಾಗೆ ಸೀಲೆಂಟ್ ಹಾಕಿಸಿದೆವು. ಮುಂದೆ ಅವನೇ ಹಚ್ಚಿಕೊಳ್ಳಬಹುದು.

ಬೆಲೆಯ ಮಾತು

ಅಂದು ಸಂಜೆ ಹುಡುಗನ ತಂದೆ ಕೋಲೂರಿಕೊಂಡು ಬಂದರು. ಎಡಬಾಗಿಲಿನ ವಿಷಯ, ಬಲಬಾಗಿಲಿನ ಗೀರಿನ ವಿಷಯ ಎಲ್ಲವನ್ನೂ ಅವರಿಗೆ ಮತ್ತೊಮ್ಮೆ ಹೇಳಿದೆವು. ನಾವು ಮನಸ್ಸಿನಲ್ಲಿಟ್ಟಿದ್ದ ಬೆಲೆಯಲ್ಲಿ ಹದಿನೈದು ಸಾವಿರ ಇಳಿಸಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಸೀರೆ ಮಾರುವಾಗ ಎಲ್ಲಾದರೂ ಎಳೆ ತಪ್ಪಿದ್ದರೆ ಅಲ್ಲಿಗೆ ಬೆರಳಿಟ್ಟು ತೋರಿಸಿಯೇ ಕೊಡುವುದು. ಹಾಗೆ ಕೊಟ್ಟ ಸೀರೆ ಯಾವತ್ತೂ ವಾಪಸು ಬಂದಿಲ್ಲ" ಎಂದರು. ಅಷ್ಟೇ ಮಾತು. ಹಣ ಎಣಿಸಿ ಕೊಟ್ಟರು. ಜೊತೆಗೆ ನಮ್ಮ ಮನೆಯಾಕೆಗೆ ಕಾಗದದಲ್ಲಿ ಸುತ್ತಿದ ಒಂದು ನೆಗಮಂ ಸೀರೆ. ಬೇಡವೆಂದರೂ ಕೇಳಲಿಲ್ಲ.

ಕಳೆದದ್ದೆಷ್ಟು, ಉಳಿದದ್ದೆಷ್ಟು ಎಂದು ನಾವು ಲೆಕ್ಕ ಹಾಕಿದ್ದುಂಟು. ಪಾಲಿಶ್ ಖರ್ಚು, ಇಳಿಸಿದ ಬೆಲೆ ಎಲ್ಲ ಸೇರಿ ಇಪ್ಪತ್ತು ಸಾವಿರಕ್ಕೂ ಮೇಲಾಯಿತು. ಆದರೆ ಆ ಕಾರು ದಿನವೂ ನಮ್ಮ ಮನೆಯ ಮುಂದೆಯೇ ಹಾದು ಹೋಗುತ್ತದೆ. ಅದನ್ನು ಕಂಡು ಬೇರೆ ಬೀದಿಗೆ ತಿರುಗಿಕೊಳ್ಳುವ ಅಗತ್ಯ ನಮಗಿಲ್ಲ. ಇದಕ್ಕೆ ಬೆಲೆ ಕಟ್ಟುವುದು ಹೇಗೆ?

ಕಪ್ಪು ಕಾರಿರುವ ಓದುಗರಿಗೆ ನಾವು ಹೇಳುವುದಿಷ್ಟು. ಒಣಬಟ್ಟೆಯಿಂದ ಒರೆಸಬೇಡಿ. ಬಿಸಿಲಲ್ಲಿ ತೊಳೆಯಬೇಡಿ. ಕೊನೆಯ ಜಾಲಿಕೆಗೆ ಸಾಧ್ಯವಾದರೆ ಹಿಡಿದಿಟ್ಟ ಮಳೆನೀರು ಬಳಸಿ, ತಕ್ಷಣ ಮೆತ್ತನೆಯ ಬಟ್ಟೆಯಿಂದ ನೀರು ಹೀರಿಸಿ. ಹಕ್ಕಿಯ ಹಿಕ್ಕೆ ಬಿದ್ದರೆ ಕೆರೆಯಬೇಡಿ, ಒದ್ದೆಬಟ್ಟೆ ಹಾಕಿ ನೆನೆಸಿ ತೆಗೆಯಿರಿ. ಹೊಸದಾಗಿ ಬಣ್ಣ ಹೊಡೆಸಿದ್ದರೆ, ಅದು ಪೂರ್ತಿ ಒಣಗಲು ಪೇಂಟರ್ ಹೇಳಿದಷ್ಟು ದಿನ ಕಾದು ಆಮೇಲೆ ಮೇಣ ಹಚ್ಚಿ. ಎರಡು ಗಂಟೆಯಲ್ಲಿ ಕನ್ನಡಿ ಮಾಡಿಕೊಡುತ್ತೇವೆ ಎನ್ನುವವರನ್ನು ಕಂಡರೆ, ಆಲ್ಕೋಹಾಲಿನಲ್ಲಿ ಒರೆಸಿ ತೋರಿಸಿ ಎಂದು ಕೇಳಿ. ನಿಜವಾಗಿ ಕೆಲಸ ಮಾಡಿದವರು ಸಂತೋಷದಿಂದ ತೋರಿಸುತ್ತಾರೆ.

ಮುಖಕ್ಕೆ ಹಚ್ಚಿಕೊಳ್ಳುವ ಹೊಳಪು ಎಲ್ಲ ಕಡೆ ಸಿಗುವ ಕಾಲ ಇದು. ಹೊಳಪಿನ ಕೆಳಗೆ ಏನಿದೆ ಎಂದು ಮೊದಲು ನೋಡಿ, ತೊಳೆಯಬೇಕಾದ್ದನ್ನು ತೊಳೆದು, ತೆಗೆಯಬಹುದಾದ್ದನ್ನು ತೆಗೆದು, ಉಳಿದದ್ದನ್ನು ಇದ್ದ ಹಾಗೆ ತೋರಿಸಿ ಬದುಕುವುದು ಸ್ವಲ್ಪ ನಿಧಾನದ ದಾರಿ. ಆದರೆ ಆ ದಾರಿಯಲ್ಲಿ ಹಚ್ಚಿದ ಲೇಪ ಮಳೆಗೆ ತೊಳೆದುಹೋಗುವುದಿಲ್ಲ.